ಗೇಟಿನ ರಿಜಿಸ್ಟರು

ದೆಂಕಣಿಕೋಟೆಯಿಂದ ತಳಿಗೆ ಹೋಗುವ ದಾರಿ,
ಆನೆ ಕಂದಕ ಸಿಕ್ಕ ಮೇಲೆ ಎಡಕ್ಕೆ. ಬೋರ್ಡಿಲ್ಲ.
ಹುಡುಕಿಕೊಂಡು ಬರುವವರು ಬೇಡವೆಂದೇ
ಕಟ್ಟಿಸಿದ್ದು ವರದರಾಜುಲು ಸಾಹುಕಾರರು.
ಮೂವತ್ತೆಂಟು ಎಕರೆ. ನಾನು ಗೇಟು.

ನನಗೆ ಕೊಟ್ಟದ್ದು ಒಂದು ಟಾರ್ಚು, ಒಂದು ಸೀಟಿ,
ಕೆಂಪು ರಟ್ಟಿನ ರಿಜಿಸ್ಟರು.
ತಲೆಬರಹ: ಹೊರಗಿನಿಂದ ಬಂದದ್ದು.
ಕೆಳಗೆ ಮೂರು ಮನೆ: ಏನು, ಎಷ್ಟು, ಎಲ್ಲಿಂದ.
"ಮುನಿವೀರಪ್ಪ, ಇದು ಖಾಲಿ ಉಳಿದರೆ
ನಾವು ಗೆದ್ದ ಹಾಗೆ" ಅಂದಿದ್ದರು.
ಮೂವತ್ತು ವರ್ಷ ಬೆಟ್ಟ ಕೊಯ್ದು ಹಡಗಿಗೆ ತುಂಬಿದವರು,
ಎದೆಯೊಳಗೆ ಎರಡು ಸ್ಟೆಂಟು ಕೂತ ಮೇಲೆ
ಕಲ್ಲು ಬಿಟ್ಟು ಮಣ್ಣಿಗೆ ಬಂದರು.

ಒಳಗೆ ಏನಿಲ್ಲ?
ಬಿಸಿಲು ಹಿಡಿಯುವ ಗಾಜು ದಿಬ್ಬದುದ್ದಕ್ಕೂ,
ಮಳೆ ಹಿಡಿಯುವ ತೊಟ್ಟಿ ಮನೆಯಡಿಗೆ,
ಸಗಣಿಯಿಂದ ಒಲೆ, ಬಚ್ಚಲ ನೀರಿಗೆ ಬಾಳೆ.
ಉಸಿರಾಡುವುದಕ್ಕೇ ಅಂತ ಒಂದು ಕೋಣೆ.
ಪಿಳ್ಳಮ್ಮ ನಕ್ಕಿದ್ದೇ ನಕ್ಕಿದ್ದು:
"ಹಂಗಾದ್ರೆ ಮಿಕ್ಕ ಕೋಣೇಲಿ ಏನ್ಮಾಡ್ತಾರೆ?"
ಬರಿಗಾಲಲ್ಲಿ ನಡೆಯಲು ಆರಿಸಿ ಹಾಸಿದ
ಉರುಟು ಕಲ್ಲಿನ ಹಾದಿ.

ಮೊದಲ ವರ್ಷದ ಪುಟಗಳು ನನ್ನ ಅಕ್ಷರದಿಂದ ಕಪ್ಪು.
ಸಿಮೆಂಟು, ತಂತಿ, ಸೀಮೆಹಸು ಆರು,
ಅವು ವಾಪಸು; ಆಲಂಬಾಡಿ ಹಸು ಆರು.
ಎರಡನೆಯ ವರ್ಷ ತೆಳು:
ಉಪ್ಪು. ಬೆಂಕಿಪೊಟ್ಟಣ. ಲಾಳ ಕಟ್ಟುವವನು.
ಸೋಲಾರಿನ ಹುಡುಗ ಯೂಸುಫ್, ಹತ್ತಕ್ಕೆ ಒಳಗೆ, ಮೂರಕ್ಕೆ ಹೊರಗೆ.
ಉಪ್ಪು. ಅಜ್ಜಿಗೆ ಕನ್ನಡಕ. ಉಪ್ಪು.
ಉಪ್ಪು ಕಂಡಾಗಲೆಲ್ಲ ಸಾಹುಕಾರರ ಹುಬ್ಬು ಗಂಟು,
ಸಮುದ್ರವೊಂದನ್ನು ಎಲ್ಲಿ ಅಗೆಯುವುದು?
ಕಳೆ ಕೀಳುವ ಹನ್ನೊಂದು ಹೆಂಗಸರನ್ನು
ಬರೆಯಲು ಯಾರೂ ಹೇಳಲಿಲ್ಲ.
ನನ್ನನ್ನೂ.

ಮಾರ್ಗಶಿರದ ಮಂಜು. ನಾಲ್ಕು ದಿನ ಗಾಜು ಕುರುಡು,
ಬ್ಯಾಟರಿ ಬರಿದು, ಫ್ರಿಜ್ಜು ಸುಮ್ಮನೆ ಬೀರು.
ಅದೇ ವಾರ ಉಪವಾಸ: ಮನೆಮಂದಿಗೆಲ್ಲ
ಬೂದುಗುಂಬಳದ ರಸ.
ಯಾರೂ ಮುಟ್ಟದ ಮೊಸರು ಬೂಸಲು ಹಿಡಿದು
ಬಾಳೆಯ ಬುಡ ಸೇರಿತು.
ಒಂದು ಚಮಚ ಎತ್ತಿಡಬೇಕೆಂಬುದು
ಯಾವ ನಕ್ಷೆಯಲ್ಲೂ ಇರಲಿಲ್ಲ.

ಆರು ಹಸು. ಕೊಡದ ತುಂಬ ಹಾಲು. ಹೆಪ್ಪಿಲ್ಲ.

ರಾತ್ರಿ ಎಂಟೂವರೆಗೆ ಹಾದಿಯಲ್ಲಿ ಚಪ್ಪಲಿ ಸದ್ದು.
ಸೊಸೆ ಹೈಮಾವತಿಯವರು, ಸೆರಗಲ್ಲಿ ಬೆಳ್ಳಿ ಬಟ್ಟಲು:
"ನಿಮ್ಮನೇಲಿ ಸ್ವಲ್ಪ ಹೆಪ್ಪು ಸಿಗುತ್ತಾ?
ಮಾವ ನಾಳೆ ಮಜ್ಜಿಗೆ ಕುಡಿದೇ ಉಪವಾಸ ಬಿಡಬೇಕು."

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು,
ಉಪ್ಪು ಕೊಡಬಾರದು, ಸೂಜಿ ಕೊಡಬಾರದು.
ಕಂದಕದಾಚೆ ನಮ್ಮ ಬಾಗಿಲಲ್ಲಿ ಪಿಳ್ಳಮ್ಮ
ಗಡಿಗೆಯ ಮೇಲೆ ಕೈಯಿಟ್ಟು ನಿಂತಳು.
ಆ ಹೆಪ್ಪು ಅಂಚೆಟ್ಟಿಯಿಂದ, ಅವಳ ಮದುವೆಯ ಜೊತೆ ಬಂದದ್ದು;
ಇಪ್ಪತ್ತಾರು ವರ್ಷ ಒಂದು ರಾತ್ರಿಯೂ ಕಡಿದಿಲ್ಲ.
ಆಮೇಲೆ ಒಂದು ಹಸಿಮೆಣಸಿನಕಾಯಿ ಮುರಿದು
ಬಟ್ಟಲಿಗೆ ಹಾಕಿದಳು:
"ಬರೀ ಬಿಳಿ ಕೊಡಬಾರದಮ್ಮ. ಈಗ ದೋಸ ಇಲ್ಲ.
ಹಾಲು ಉಗುರುಬೆಚ್ಚಗಿರಲಿ, ಕಂಬಳೀಲಿ ಸುತ್ತಿ.
ಮಧ್ಯೆ ಮಧ್ಯೆ ಎದ್ದು ನೋಡಬ್ಯಾಡಿ."
"ನಾಳೆ ವಾಪಸು ಕೊಡ್ತೀನಿ."
"ಅದು ವಾಪಸಾಗೋ ವಸ್ತು ಅಲ್ಲ, ಬಿಡಿ."

ಗೇಟಿಗೆ ಬಂದು ರಿಜಿಸ್ಟರು ತೆರೆದೆ.
ಹದಿಮೂರು ದಿನದ ಬಿಳುಪು.
ಸಾಹುಕಾರರು ದಿನಾ ಬಂದು ಆ ಪುಟ ಸವರುತ್ತಿದ್ದರು,
ಎಳೆಗೂಸಿನ ನೆತ್ತಿಯ ಹಾಗೆ.
ಪೆನ್ನು ಚಳಿಗೆ ಬಿಗಿದಿತ್ತು; ಬಾಯಿಂದ ಊದಿದೆ.
ಏನು: ಹೆಪ್ಪು. ಎಷ್ಟು: ಒಂದು ಚಮಚ.
ಅಳತೆ ಸುಳ್ಳೆನಿಸಿ ಹೊಡೆದು ಹಾಕಿದೆ.
ಎಲ್ಲಿಂದ: ಅಂಚೆಟ್ಟಿ. ಅಲ್ಲಿಗೆ ಕೈ ತಡೆಯಿತು.
ಅವಳ ಅಮ್ಮನಿಗೆ ಯಾರು ಕೊಟ್ಟಿದ್ದರು?
ಆ ಅಮ್ಮನ ಅಮ್ಮನಿಗೆ?
ಅದನ್ನೂ ಹೊಡೆದೆ.

ಬೆಳಿಗ್ಗೆ ಹತ್ತಕ್ಕೆ ಸಾಹುಕಾರರು ಬಂದರು,
ಮೀಸೆಯಂಚಿಗೆ ಮಜ್ಜಿಗೆಯ ಗೆರೆ.
ಹೊಡೆದು ಹಾಕಿದ್ದನ್ನೆಲ್ಲ ಬೆರಳಿಟ್ಟು ಓದಿದರು.
ನನ್ನ ಪೆನ್ನನ್ನೇ ಕೇಳಿ ಇಸಿದುಕೊಂಡು
ಕೆಳಗೆ ತಾವೇ ಬರೆದರು:
ಮೆಣಸಿನಕಾಯಿ, ಒಂದು.
ಅಕ್ಷರ ನಡುಗಿದೆ. ಚಳಿ ಇರಬೇಕು.